ಮೂರನೆಯ ಹೆಸರು

ಇದನ್ನು ನಾನು ಸೇಡಿಗಾಗಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೈಸ್ಕೂಲಿನಿಂದ ಚರ್ಚಾಸ್ಪರ್ಧೆಗಳಲ್ಲೇ ಬೆಳೆದವಳು ನಾನು. ನನ್ನ ಪಕ್ಷ ಯಾವುದೆಂದು ಮೊದಲ ವಾಕ್ಯದಲ್ಲಿ ಹೇಳಿ ಆಮೇಲೆ ವಾದಕ್ಕಿಳಿಯುವುದು ಅಭ್ಯಾಸ. ಯಾರ ಮೇಲೂ ಸಿಟ್ಟಿಲ್ಲದೆ ಹಳೆಯದನ್ನು ನೆನಪಿಸಿಕೊಳ್ಳುತ್ತಿದ್ದೇನೆ ಎನ್ನುವವರನ್ನು ನಾನು ನಂಬುವುದಿಲ್ಲ. ಸಿಟ್ಟಿಲ್ಲದಿದ್ದರೆ ಅಷ್ಟು ವಿವರವಾಗಿ ಯಾಕೆ ನೆನಪಿರಬೇಕು?

ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ. ಓದುತ್ತಿದ್ದೆ, ಎರಡನೇ ವರ್ಷ. ಊರು ಅಕ್ಕೂರು. ಬೆಳಿಗ್ಗೆ ಚನ್ನಪಟ್ಟಣದವರೆಗೆ ಬಸ್ಸು, ಅಲ್ಲಿಂದ ರೈಲು. ಬಿಡದಿಯಲ್ಲಿ ಕಾರ್ಖಾನೆಯವರು ಇಳಿದ ಮೇಲೆ ಕೂರಲು ಜಾಗ ಸಿಗುತ್ತಿತ್ತು. ಎರಡು ವರ್ಷ ನಾನು ದೇಶದೇಶಗಳ ಒಪ್ಪಂದಗಳನ್ನು ಓದಿದ್ದು ಬಿಡದಿಯಿಂದ ಬೆಂಗಳೂರಿನವರೆಗೆ ಮಾತ್ರ. ಬಿಡದಿ ಬರುವವರೆಗೆ ಕಂಬಿ ಹಿಡಿದು ನಿಂತು ಯಾರದೋ ಊಟದ ಡಬ್ಬಿಯ ಮೂಲೆಯಿಂದ ತಿವಿಸಿಕೊಂಡಿದ್ದೇನೆ.

ನಮ್ಮ ವಿಭಾಗಕ್ಕೆ ವೃತ್ತಿ ಮಾರ್ಗದರ್ಶನ ಕೋಶ ಎಂಬುದೊಂದಿತ್ತು. ಅದರ ಮುಖ್ಯಸ್ಥರು ಹಿಂದೆ ಯಾವುದೋ ರಾಯಭಾರ ಕಚೇರಿಯಲ್ಲಿ ಕೆಲಸ ಮಾಡಿದ್ದಾಗಿ ಹೇಳಿಕೊಳ್ಳುತ್ತಿದ್ದರು. ಹೆಸರು ಬೇಡ, ಮಾರ್ಗದರ್ಶಕರು ಎನ್ನೋಣ. ಅಲ್ಲಿ ಏನು ಕೆಲಸ ಸರ್ ಎಂದು ನಾನು ಮೊದಲ ವರ್ಷದಲ್ಲಿ ಕೇಳಿದ್ದೆ. ಸಂಪರ್ಕದ ಕೆಲಸ ಎಂದರು. ಯಾರಿಗೆ ಯಾರ ಸಂಪರ್ಕ ಎಂದು ಕೇಳಿದೆ. ತರಗತಿ ನಕ್ಕಿತು. ಅವರೂ ನಕ್ಕರು. ಆದರೆ ಅವರು ಮರೆಯಲಿಲ್ಲ ಎಂಬುದು ಒಂದು ವರ್ಷ ಕಳೆದ ಮೇಲೆ ಗೊತ್ತಾಯಿತು.

ಎರಡನೇ ವರ್ಷದ ಕೊನೆಗೆ ನಮಗೆಲ್ಲ ಬೇಕಾಗಿದ್ದುದು ಒಂದೇ: ದೆಹಲಿಯ ಒಂದು ವ್ಯಾಪಾರ ಸಂಶೋಧನಾ ಸಂಸ್ಥೆಯಲ್ಲಿ ಆರು ತಿಂಗಳ ಇಂಟರ್ನ್‌ಶಿಪ್. ನೇರವಾಗಿ ಅರ್ಜಿ ಹಾಕುವಂತಿಲ್ಲ. ವಿಭಾಗದಿಂದ ಮೂರು ಹೆಸರು ಹೋಗಬೇಕು, ಆ ಮೂರನ್ನು ಬರೆಯುವವರು ಮಾರ್ಗದರ್ಶಕರು. ಮನೆಯಲ್ಲಿ ಅಪ್ಪ ಹೇಳಿದ್ದು ಸರಳವಾಗಿತ್ತು. "ಡೆಲ್ಲಿದು ಆದ್ರೆ ಹೋಗವ್ವ, ನಾನ್ ಬ್ಯಾಡ ಅನ್ನಲ್ಲ. ಆಗ್ನಿಲ್ಲ ಅಂದ್ರೆ ಚನ್ನಪಟ್ಣದಲ್ಲಿ ಬಿ.ಎಡ್. ಸೇರ್ಕೊ. ಮನೇಲ್ ಕುಂತ್ಕೊಂಡು ಪೇಪರ್ ಓದ್ತೀನಿ ಅಂದ್ರೆ ಆಗಕಿಲ್ಲ." ಬಿ.ಎಡ್. ಅರ್ಜಿಯನ್ನು ಅಪ್ಪ ಆಗಲೇ ತಂದು ರೇಷ್ಮೆಹುಳದ ಮನೆಯ ಗೂಟಕ್ಕೆ ಚೀಲದಲ್ಲಿ ನೇತುಹಾಕಿದ್ದ. ನಾನು ದಿನಾ ಹುಳಕ್ಕೆ ಸೊಪ್ಪು ಹಾಕುವಾಗ ಅದು ತಲೆಗೆ ತಾಗುತ್ತಿತ್ತು.

ಹೀಗಿರುವಾಗ ಒಂದು ದಿನ ಮಾರ್ಗದರ್ಶನದ ತರಗತಿ. ವಿಷಯ: ಸಿ.ವಿ. ಬರೆಯುವುದು ಹೇಗೆ.

"ಯಾರೂ ಪೂರ್ತಿ ಓದಲ್ಲ," ಎಂದರು ಮಾರ್ಗದರ್ಶಕರು. "ಬೆಸ್ಟ್ ಏನಿದೆಯೋ ಅದು ಮೇಲಿರಬೇಕು. ಕೆಳಗಿರೋದನ್ನ ನೋಡೋಕೆ ಯಾರಿಗೂ ಪುರುಸೊತ್ತಿಲ್ಲ." ಹೀಗೆ ಹೇಳಿ, ಹೇಗೆ ಬರೆಯಬಾರದು ಎಂಬುದಕ್ಕೆ ಉದಾಹರಣೆಯಾಗಿ ಒಂದು ಸಿ.ವಿ.ಯನ್ನು ಪರದೆಯ ಮೇಲೆ ಹಾಕಿದರು. ಹೆಸರು ಮುಚ್ಚಿದ್ದರು. ಆದರೆ ಎರಡನೇ ಸಾಲಿನಲ್ಲಿ, "ರೇಷ್ಮೆಹುಳು ಸಾಕಣೆ, ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ತಂದೆಯ ಪರವಾಗಿ ಮಾರಾಟ" ಎಂದಿತ್ತು. ಇಡೀ ತರಗತಿಯಲ್ಲಿ ಹುಳ ಸಾಕಿದವಳು ನಾನೊಬ್ಬಳೇ. ಹೆಸರು ಮುಚ್ಚಿದ್ದರಿಂದ ಏನು ಬಂತು?

"ಇದು ಇಂಟರ್‌ನ್ಯಾಷನಲ್ ರಿಲೇಷನ್ಸಾ, ಹುಳದ ರಿಲೇಷನ್ಸಾ?" ಎಂದರು.

ನಗು. ನನ್ನ ಪಕ್ಕದಲ್ಲಿದ್ದವಳೂ ನಕ್ಕಳು, ಆಮೇಲೆ ಬಾಯಿ ಮುಚ್ಚಿಕೊಂಡಳು.

ನಾನು ಎದ್ದು ನಿಂತೆ. "ಸರ್, ಚೀನಾದ ರೇಷ್ಮೆ ಮೇಲಿನ ಸುಂಕ ಬದಲಾದರೆ ಪೇಪರಿಗಿಂತ ಮೊದಲು ನಮ್ಮನೇಲಿ ಗೊತ್ತಾಗುತ್ತೆ. ಇದು ಅಂತರರಾಷ್ಟ್ರೀಯ ಅಲ್ಲ ಅಂದ್ರೆ ಯಾವುದು?"

"ಮೊದಲು ಇಂಗ್ಲಿಷ್ ಉಚ್ಚಾರಣೆ ಸರಿಮಾಡ್ಕೊಳಮ್ಮ. ಸುಂಕ ಆಮೇಲೆ ನೋಡೋಣ."

ಇದಕ್ಕೆ ಉತ್ತರವಿತ್ತು. ಉಚ್ಚಾರಣೆಯ ಬಗ್ಗೆ ಮಾತಾಡುವವರು ವಾದದ ಬಗ್ಗೆ ಮಾತಾಡಲು ಹೆದರುತ್ತಾರೆ ಎಂದು ಹೇಳಬಹುದಿತ್ತು. ಆದರೆ ನಗು ಇನ್ನೂ ನಿಂತಿರಲಿಲ್ಲ, ನಗುವಿನ ಮೇಲೆ ವಾದ ಹೂಡಿದರೆ ವಾದ ಬೀಳುತ್ತದೆ. ಕೂತೆ. ಕೂತ ಗಳಿಗೆಯಲ್ಲೇ ತೀರ್ಮಾನ ಮಾಡಿದೆ, ಈ ಮನುಷ್ಯನನ್ನು ಜನರೆದುರಿಗೆ ಒಮ್ಮೆ ಬಾಯಿ ಮುಚ್ಚಿಸದೆ ಬಿಡುವುದಿಲ್ಲ ಎಂದು.

ಅಷ್ಟರಲ್ಲಿ ಅವರೇ ಕರೆಸಿದರು. ಹೊರದೇಶದ ಎಂಟು ವಿದ್ಯಾರ್ಥಿಗಳು ಬರುತ್ತಾರೆ, ಅವರ ಜೊತೆ ದೆಹಲಿಯ ಅದೇ ಸಂಸ್ಥೆಯ ಹಿರಿಯ ಸಂಶೋಧಕಿಯೂ ಬರುತ್ತಾರೆ, ರಾಮನಗರದ ಗೂಡಿನ ಮಾರುಕಟ್ಟೆ ತೋರಿಸಬೇಕು. "ನಿನಗೆ ಆ ಜಾಗ ಗೊತ್ತಲ್ಲ, ವ್ಯವಸ್ಥೆ ಮಾಡು. ಇಂಟರ್‌ಪ್ರಿಟರ್ ಕೂಡ ನೀನೇ. ನಿನ್ನ ಸಿ.ವಿ.ಗೂ ಒಳ್ಳೇದು."

ಪರದೆಯ ಮೇಲೆ ನಗೆಪಾಟಲಾದ ಅದೇ ಮಾರುಕಟ್ಟೆ! ನಾನು ನೇರವಾಗಿ ಕೇಳಿದೆ. "ಮೂರು ಹೆಸರಲ್ಲಿ ನನ್ನದು ಇರುತ್ತಾ ಸರ್?"

"ಪಟ್ಟಿ ಇನ್ನೂ ಮಾಡಿಲ್ಲ. ಈ ವಿಸಿಟ್ ಚೆನ್ನಾಗಿ ಆಗಲಿ, ನೋಡೋಣ."

ವಿಸಿಟ್‌ಗೆ ಎರಡು ದಿನ ಇರುವಾಗ ಬಸ್ಸಿನ ವಿಚಾರ ಕೇಳಲು ವಿಭಾಗದ ಆಫೀಸಿಗೆ ಹೋದೆ. ಗುಮಾಸ್ತೆ ಚಹಾಕ್ಕೆ ಹೋಗಿದ್ದರು. ಮೇಜಿನ ಮೇಲೆ ಪಟ್ಟಿ ಇತ್ತು, ಟೈಪಾಗಿ, ಹಿಂದಿನ ವಾರದ ತಾರೀಖು ಹಾಕಿಕೊಂಡು. ಮೂರು ಹೆಸರು. ಮೊದಲೆರಡು ಬೆಂಗಳೂರಿನವರದು. ಮೂರನೆಯದು ಕನಕಪುರದ ಕಡೆಯ ನನ್ನ ಗೆಳತಿಯದು. ತರಗತಿಯಲ್ಲಿ ನನ್ನ ಪಕ್ಕ ಕೂರುವವಳು, ನಕ್ಕು ಬಾಯಿ ಮುಚ್ಚಿಕೊಂಡವಳು. ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ, ಆದರೆ ನಾವು ಓದಿದ್ದೇವೆ ಎಂದು ಹೇಳಿಕೊಳ್ಳುತ್ತಿದ್ದುದನ್ನೆಲ್ಲ ಅವಳು ನಿಜವಾಗಿ ಓದಿರುತ್ತಿದ್ದಳು. ಅವಳ ಹೆಸರಿದ್ದುದಕ್ಕೆ ನನಗೆ ತಕರಾರಿರಲಿಲ್ಲ. ಮಾಡಿ ಮುಗಿಸಿದ ಪಟ್ಟಿಯನ್ನು ಮಾಡಿಲ್ಲ ಎಂದು ಹೇಳಿ ನನ್ನಿಂದ ಬಿಟ್ಟಿ ಕೆಲಸ ಮಾಡಿಸಿಕೊಳ್ಳುತ್ತಿದ್ದುದಕ್ಕೆ ತಕರಾರು.

ವಿಸಿಟ್ ಬಿಟ್ಟು ಮನೆಯಲ್ಲಿ ಕೂರಬಹುದಿತ್ತು. ಕೂರಲಿಲ್ಲ. ಕಳೆದುಕೊಳ್ಳಲು ಇನ್ನೇನೂ ಇಲ್ಲವಾದ್ದರಿಂದ ಕೈ ಬಿಡುವಾಗಿತ್ತು. ರೈಲಿನಲ್ಲಿ ನಿಂತು ಯೋಚಿಸಿದೆ. ಮಾರ್ಗದರ್ಶಕರು ಹಳ್ಳಿಯವರೆದುರು ಇಂಗ್ಲಿಷಿನಲ್ಲಿ ಏನು ಬೇಕಾದರೂ ಹೇಳುವವರು. ಕೇಳಿಸಿಕೊಳ್ಳುವವರಿಗೆ ತಿಳಿಯುವುದಿಲ್ಲ ಎಂಬ ಧೈರ್ಯ. ಆದರೆ ಮಾರ್ಗದರ್ಶಕರಿಗೆ ಕನ್ನಡ ಚೆನ್ನಾಗಿ ಬರುತ್ತದೆ. ನಡುವೆ ನಿಲ್ಲುವವಳು ನಾನು. ಹಾಗಾದರೆ ನಾನು ಬೇರೆ ಏನೂ ಮಾಡಬೇಕಿಲ್ಲ, ಅವರ ಒಂದೊಂದು ಮಾತನ್ನೂ ಒಂದಕ್ಷರ ಬಿಡದೆ ಅನುವಾದ ಮಾಡಿದರೆ ಸಾಕು. ತಡೆದರೆ ತಾವೇ ಒಪ್ಪಿಕೊಂಡಂತೆ. ತಡೆಯದಿದ್ದರೆ ಕೇಳಿಸಿಕೊಳ್ಳಬೇಕು. ಇಂಥ ಸೇಡಿನಲ್ಲಿ ತಪ್ಪು ಹುಡುಕಲು ಯಾವ ತೀರ್ಪುಗಾರನಿಗೂ ಸಾಧ್ಯವಿಲ್ಲ ಎಂದುಕೊಂಡೆ.

ಅಪ್ಪನಿಗೆ ಇದೆಲ್ಲ ಹೇಳಲಿಲ್ಲ. ಫಾರಿನ್ನಿನವರು ಬರುತ್ತಾರೆ, ನಮ್ಮ ಗೂಡಿನ ಲಾಟಿನ ಪಕ್ಕವೇ ನಿಲ್ಲಿಸಿ ತೋರಿಸುತ್ತೇನೆ ಎಂದಷ್ಟೇ ಹೇಳಿದೆ. ಆ ಬೆಳೆಯಲ್ಲಿ ನಾಲ್ಕನೇ ಜ್ವರ, ಎಂದರೆ ಹುಳ ನಾಲ್ಕನೇ ಸಲ ಪೊರೆ ಕಳಚುವ ಹೊತ್ತು, ಎದ್ದ ಮೇಲೆ ಕೆಲವು ಹುಳಕ್ಕೆ ಸಪ್ಪೆ ರೋಗ ಬಡಿದಿತ್ತು. ಸತ್ತವನ್ನು ಆರಿಸಿ ಎಸೆದಿದ್ದೆವು, ಮಿಕ್ಕವು ಗೂಡು ಕಟ್ಟಿದ್ದವು. ಪರವಾಗಿಲ್ಲ ಎನ್ನುವಂಥ ಬೆಳೆ.

"ಅವ್ರು ಗೂಡ ಕೈಲಿ ಮುಟ್ಟಿ ನೋಡ್ತಾರಾ?" ಎಂದು ಅಪ್ಪ ಕೇಳಿದ.

"ನೋಡ್ತಾರೆ ಕಣಪ್ಪ. ನೋಡಕ್ಕೆ ತಾನೆ ಬರೋದು."

"ಆಯ್ತು ಬುಡು," ಎಂದು ಹುಳದ ಮನೆಯೊಳಗೆ ಹೋದ.

ಮಾರುಕಟ್ಟೆಯ ದಿನ ಎಂಟೂ ಜನ ಮೂಗಿಗೆ ಕರವಸ್ತ್ರ ಹಿಡಿದು ಇಳಿದರು. ಸಂಶೋಧಕಿ ಹಿಡಿಯಲಿಲ್ಲ. ಸಣ್ಣ ಆಳು, ಕೈಯಲ್ಲಿ ಚಿಕ್ಕ ಪುಸ್ತಕ, ಕಾಲಿಗೆ ಸವೆದ ಚಪ್ಪಲಿ. ಉದ್ದ ಹಜಾರದ ತುಂಬ ಸಾಲಾಗಿ ಗೂಡಿನ ರಾಶಿಗಳು. ಒಬ್ಬೊಬ್ಬ ರೈತನದು ಒಂದೊಂದು ಲಾಟು. ಅವುಗಳ ನಡುವೆ ನೂಲು ತೆಗೆಯುವ ರೀಲರ್‌ಗಳು ಮೊಬೈಲ್ ಹಿಡಿದು ಓಡಾಡಿಕೊಂಡು, ಗೂಡು ನೋಡಿ, ಅದರಲ್ಲೇ ಹರಾಜಿನ ರೇಟು ಒತ್ತುತ್ತಾರೆ. ನಮ್ಮ ಲಾಟಿನ ಪಕ್ಕ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದ. ಹತ್ತಿರದಲ್ಲೇ ನಾನು ಚಾಚಾ ಎಂದು ಕರೆಯುವ ರೀಲರು ಇದ್ದರು. ರಾಮನಗರದಲ್ಲೇ ನೂಲು ಬಿಚ್ಚುವ ಘಟಕ ಇಟ್ಟುಕೊಂಡವರು, ನಾನು ಫ್ರಾಕು ಹಾಕುತ್ತಿದ್ದ ಕಾಲದಿಂದ ನಮ್ಮ ಗೂಡು ಕೊಂಡವರು, ಅಪ್ಪನನ್ನು ಗೌಡ್ರೇ ಎಂದು ಕರೆಯುವವರು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು.

ಮಾರ್ಗದರ್ಶಕರು ಅವರನ್ನೇ ತೋರಿಸಿ ಶುರು ಮಾಡಿದರು, ಇಂಗ್ಲಿಷಿನಲ್ಲಿ. ಇಂಥವರು ಪಾಪ ಓದುಬರಹ ತಿಳಿಯದವರು. ಚೀನಾ ಎಲ್ಲಿದೆ ಎಂದೂ ಇವರಿಗೆ ಗೊತ್ತಿರುವುದಿಲ್ಲ. ಸಿಕ್ಕಿದ ಗೂಡು ಕೊಂಡು ನೂಲು ತೆಗೆಯುತ್ತಾರೆ ಅಷ್ಟೆ. ನೀತಿ, ಸುಂಕ ಎಲ್ಲ ಇವರ ತಲೆಯ ಮೇಲೆ ಹಾದುಹೋಗುತ್ತದೆ.

ನಾನು ಚಾಚಾ ಕಡೆ ತಿರುಗಿದೆ. ಗಂಟಲು ಸರಿಮಾಡಿಕೊಂಡೆ.

"ಚಾಚಾ, ಸಾಹೇಬ್ರು ನಿಮ್ ವಿಚಾರ ಹೇಳ್ತಾವ್ರೆ. ನೀವು ಓದುಬರಾ ಇಲ್ದೋರಂತೆ ಪಾಪ. ಚೀನಾ ಎಲ್ಲೈತೆ ಅಂತ್ಲೂ ನಿಮಗ್ ಗೊತ್ತಿಲ್ವಂತೆ. ಸಿಕ್ಕಿದ್ ಗೂಡು ತಗಂಡು ನೂಲು ತೆಗೀತೀರಂತೆ. ಸುಂಕಗಿಂಕ ಎಲ್ಲ ನಿಮ್ ತಲೆ ಮ್ಯಾಲೆ ಹೊಂಟೋಯ್ತದಂತೆ."

ಮಾರ್ಗದರ್ಶಕರ ಮುಖ ನೋಡಬೇಕಿತ್ತು. ಒಂದು ಕೈ ಎತ್ತಿದರು, ಅಲ್ಲೇ ಇಳಿಸಿದರು. ಸಂಶೋಧಕಿ ಪಕ್ಕದಲ್ಲೇ ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದರು.

ಚಾಚಾ ಕನ್ನಡಕ ಏರಿಸಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಿಜ ಕಣಮ್ಮ. ಚೀನಾ ಎಲ್ಲೈತೆ ಅಂತ ನಂಗ್ ಗೊತ್ತಿಲ್ಲ, ನಾನ್ ಹೋಗಿಲ್ಲ. ಆದ್ರೆ ಅದು ನನ್ ಘಟಕದೊಳಿಕ್ಕೆ ಯಾವಾಗ್ ಬತ್ತದೆ ಅಂತ ಗೊತ್ತು." ಮೊಬೈಲ್ ತೆಗೆದು ನಮ್ಮೆಲ್ಲರ ಮುಂದೆ ಹಿಡಿದರು. "ಬೆಳಿಗ್ಗೆ ನಮಾಜ್ ಆದ್ಮ್ಯಾಕೆ ಮೊದ್ಲು ನೋಡೋದೇ ಇದು. ಚೀನಾ ನೂಲಿನ ರೇಟು. ಇದು ಇಳುದ್ರೆ ಇವತ್ತು ಗೌಡ್ರಿಗೆ ನಾನು ಕಮ್ಮಿ ಒತ್ಬೇಕು. ಸುಂಕ ಏರುಸುದ್ರೆ ನಾನೂ ಬದುಕ್ತೀನಿ, ಗೌಡ್ರೂ ಬದುಕ್ತಾರೆ, ಸೀರೆ ನೇಯೋರು ನಮ್ಮಿಬ್ರನ್ನೂ ಬೈತಾರೆ. ಸಾಹೇಬ್ರು ಯಾವ್ ಕಡೆ ಅಂತ ಒಸಿ ಕೇಳು."

ಇದನ್ನು ಇಂಗ್ಲಿಷಿಗೆ ತಂದೆ, ಸೀರೆ ನೇಯುವವರ ಬೈಗುಳದವರೆಗೆ. ಎಂಟು ಜನ ಬರೆದುಕೊಳ್ಳತೊಡಗಿದರು. ಮಾರ್ಗದರ್ಶಕರು ಮುಂದೆ ಹೋಗೋಣ ಎಂದರು. ಸಂಶೋಧಕಿ, "ಇಲ್ಲ, ಅವರ ಪ್ರಶ್ನೆಗೆ ನಿಮ್ಮ ಉತ್ತರ ಕೇಳಬೇಕು," ಎಂದರು. ಮಾರ್ಗದರ್ಶಕರು ಎರಡೂ ಕಡೆಯ ಹಿತ ನೋಡುವ ಸಮತೋಲದ ನೀತಿ ಬೇಕು ಎಂದು ಏನೋ ಹೇಳಿದರು.

"ಸಾಹೇಬ್ರು ಎರಡೂ ಕಡೆ ಅಂತೆ ಚಾಚಾ."

"ಹಂಗಾದ್ರೆ ಯಾವತ್ತೂ ನೂಲು ಬಿಚ್ದೋರಲ್ಲ ಬುಡು."

ಇದನ್ನೂ ಅನುವಾದ ಮಾಡಿದೆ. ಎಂಟೂ ಜನ ನಕ್ಕರು. ನನ್ನ ಬದುಕಿನಲ್ಲಿ ಅಷ್ಟು ಸಿಹಿಯಾದ ನಗು ಕೇಳಿಲ್ಲ. ಅಲ್ಲಿಗೇ ನಿಂತಿದ್ದರೆ ಇದನ್ನು ಬರೆಯುವ ಅಗತ್ಯವೂ ಇರುತ್ತಿರಲಿಲ್ಲ.

ಮುಖ ಉಳಿಸಿಕೊಳ್ಳಲು ಮಾರ್ಗದರ್ಶಕರು ಪಕ್ಕದ ಲಾಟಿಗೆ, ಎಂದರೆ ನಮ್ಮ ಲಾಟಿಗೆ, ಕೈ ಹಾಕಿ ಮೇಲಿನಿಂದ ಒಂದು ಹಿಡಿ ಗೂಡು ತೆಗೆದರು. ನೋಡಿ, ಎಷ್ಟು ಬಿಗಿಯಾಗಿವೆ, ರಫ್ತು ಮಾಡುವಂಥ ಗುಣಮಟ್ಟ ಎಂದರು. ನಾನು ಅದನ್ನೂ ಅದೇ ಉತ್ಸಾಹದಲ್ಲಿ ಚಾಚಾಗೆ ದಾಟಿಸಿದೆ. "ಈ ಲಾಟು ಫಾರಿನ್‌ಗೆ ಕಳ್ಸೋ ಹಂಗೈತಂತೆ ಚಾಚಾ!"

ಚಾಚಾ ನಕ್ಕರು. ಯಾವ ರೀಲರೂ ರಾಶಿಯ ಮೇಲಿನ ಗೂಡನ್ನು ನೋಡುವುದಿಲ್ಲ. ಅದು ಆ ಮಾರುಕಟ್ಟೆಗೆ ಬರುವ ಎಲ್ಲರಿಗೂ ಗೊತ್ತು. ಅವರು ಅಂಗಿಯ ತೋಳು ಮಡಿಸಿ ಮೊಣಕೈ ಮುಳುಗುವವರೆಗೆ ಕೈ ಇಳಿಸಿದರು. ನಾನು ಆಗ ಅಪ್ಪನ ಮುಖ ನೋಡಬೇಕಿತ್ತು. ನಾನು ಮಾರ್ಗದರ್ಶಕರ ಮುಖವನ್ನೇ ನೋಡುತ್ತಿದ್ದೆ.

ಕೈ ಮೇಲೆ ಬಂತು. ಗೂಡುಗಳು ತೆಳ್ಳಗೆ, ಒತ್ತಿದರೆ ಒಳಕ್ಕೆ ಹೋಗುವಂಥವು. ನಾಲ್ಕರ ಮೇಲೆ ಕಪ್ಪು ಕಲೆ. ಚಾಚಾ ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಹುಳ ಗಟ್ಟಿಯಾಗಿದ್ದರೆ ಸದ್ದು ಬರುತ್ತದೆ, ಬರಲಿಲ್ಲ. ಅವರ ನಗು ಹೋಯಿತು.

"ಏನ್ ಗೌಡ್ರೇ ಇದು? ಇಷ್ಟ್ ವರ್ಸದಲ್ಲಿ ಒಂದ್ ಸಲಾನೂ ಹಿಂಗ್ ಮಾಡ್ದೋರಲ್ಲ ನೀವು. ಚೆನ್ನಾಗಿರೋದ್ನೆಲ್ಲ ಆರಿಸಿ ಮ್ಯಾಲೆ ಹಾಕಿ, ಸಪ್ಪೆ ರೋಗದ್ದ ಕ್ಯಳಗೆ ಹಾಕ್ಬುಟ್ಟಿದ್ದೀರಿ. ನಂಗೇ?"

ಅಪ್ಪ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ, ತೆಗೆದ.

ನನಗೆ ಆ ಕ್ಷಣಕ್ಕೆ ಎಲ್ಲ ಹೊಳೆಯಿತು. ನೋಡಕ್ಕೆ ತಾನೆ ಬರೋದು ಎಂದು ಹೇಳಿದ್ದವಳು ನಾನೇ. ಯಾವ ರೀಲರಿಗೂ ಮೋಸ ಮಾಡಲು ಅಲ್ಲ, ಹೊರಗಿನವರು ಮೇಲಿನದನ್ನು ಮಾತ್ರ ಮುಟ್ಟುತ್ತಾರೆ, ಮಗಳ ಮುಂದೆ ಚೆಂದ ಕಾಣಲಿ ಎಂದು ಅಪ್ಪ ಇಡೀ ಸಂಜೆ ಕೂತು ಆರಿಸಿದ್ದ.

ಮಾರ್ಗದರ್ಶಕರಿಗೂ ಕನ್ನಡ ಬರುತ್ತದೆ ಎಂದು ಹೇಳಿದೆನಲ್ಲ. ಅವರಿಗೂ ಅರ್ಥವಾಯಿತು, ನನ್ನ ಮುಖ ನೋಡಿ ಆ ಗೌಡರು ನನಗೆ ಯಾರೆಂಬುದೂ. ಬಹಳ ಮೆತ್ತಗೆ, ಕನ್ನಡದಲ್ಲಿ ಹೇಳಿದರು:

"ಅನುವಾದ ಮಾಡಮ್ಮ. ಇಷ್ಟು ಹೊತ್ತು ಮಾಡಿದ ಹಾಗೇ. ಒಂದಕ್ಷರ ಬಿಡಬೇಡ."

ನನ್ನ ನಿಯಮ, ನನ್ನ ಕೊರಳಿಗೆ. ಮೆದುಗೊಳಿಸಬಹುದಿತ್ತು. ಈ ಸಲದ ಬೆಳೆಯ ಗುಣಮಟ್ಟದ ಬಗ್ಗೆ ಮಾತಾಡುತ್ತಿದ್ದಾರೆ ಎಂದು ಹೇಳಿ ಮುಗಿಸಬಹುದಿತ್ತು. ಹಾಗೆ ಮಾಡಿದರೆ ಅವರು ಅಲ್ಲೇ ತಿದ್ದುತ್ತಿದ್ದರು, ಆವರೆಗಿನ ನನ್ನ ಅನುವಾದವೆಲ್ಲ ಸುಳ್ಳಾಗುತ್ತಿತ್ತು. ಇದು ಒಂದು ಕಾರಣ. ಇನ್ನೊಂದು ಕಾರಣವೂ ಇದೆ: ಸೋಲುವುದು ನನಗೆ ಬರುವುದಿಲ್ಲ. ಹೇಳಿದೆ. ಮಾರುವವರು ಒಳ್ಳೆಯದನ್ನು ಮೇಲೆ ಜೋಡಿಸಿ ರೋಗದ್ದನ್ನು ಕೆಳಗೆ ಹಾಕಿದ್ದಾರೆ, ಇಷ್ಟು ವರ್ಷಗಳಲ್ಲಿ ಅವರು ಹೀಗೆ ಮಾಡಿದ್ದು ಇದೇ ಮೊದಲು ಎಂದು ರೀಲರ್ ಹೇಳುತ್ತಿದ್ದಾರೆ. ಅಷ್ಟಕ್ಕೆ ನಿಲ್ಲಿಸದೆ, ಯಾರೂ ಆಡದ ಎರಡು ಮಾತು ಸೇರಿಸಿದೆ. ಮಾರುವವರು ನನ್ನ ತಂದೆ. ಹೀಗೆ ಜೋಡಿಸಬೇಕೆಂದು ನಮಗೆ ಮಾರ್ಗದರ್ಶನದ ತರಗತಿಯಲ್ಲೂ ಹೇಳಿಕೊಡುತ್ತಾರೆ.

ಒಬ್ಬ ಹುಡುಗ ನಕ್ಕ. ಸಂಶೋಧಕಿ ನಗಲಿಲ್ಲ, ಬರೆದುಕೊಂಡರು. ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ನನ್ನ ಕೈ ತನ್ನ ಕಡೆ ತಿರುಗಿದ್ದನ್ನು, ಅಷ್ಟೂ ಜನ ತನ್ನನ್ನು ನೋಡಿದ್ದನ್ನು ಕಂಡ. ಚಹಾದಂಗಡಿಯ ಕಡೆ ನಡೆದುಬಿಟ್ಟ.

ಹಿಂದಿರುಗುವಾಗ ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ಬಸ್ಸು ನಿಂತಿತು. ಸಂಶೋಧಕಿ ನನ್ನೆದುರು ಕೂತರು, ಮಾರ್ಗದರ್ಶಕರು ಅವರ ಪಕ್ಕ. ಆಕೆ ಬೆಣ್ಣೆ ಬಳಿದುಕೊಳ್ಳುತ್ತ, ಅದೇನೂ ದೊಡ್ಡ ವಿಷಯವಲ್ಲವೆಂಬಂತೆ ಮಾರ್ಗದರ್ಶಕರನ್ನು ಕೇಳಿದರು. "ಈಕೆ ನಿಮ್ಮ ಮೂರು ಹೆಸರಲ್ಲಿ ಒಬ್ಬಳು ತಾನೆ?"

"ಖಂಡಿತ," ಎಂದರು ಮಾರ್ಗದರ್ಶಕರು. ಉಸಿರಾಡಲೂ ನಿಲ್ಲಲಿಲ್ಲ. "ಪಟ್ಟಿ ಮಾಡಿದ್ದೇ ಇವಳನ್ನು ಮನಸ್ಸಲ್ಲಿಟ್ಟುಕೊಂಡು." ಹೇಳಿ ನನ್ನನ್ನು ನೋಡಿದರು.

ಬೆಳಗಿನಿಂದ ನಾನು ಕಾದಿದ್ದ ಕ್ಷಣ ಅದೇ. ಸುಳ್ಳು ಅವರ ಬಾಯಲ್ಲಿತ್ತು, ಸಾಕ್ಷಿ ನನ್ನ ಕಣ್ಣಲ್ಲಿ, ತೀರ್ಪುಗಾರ್ತಿ ಎದುರಿಗೆ. ಒಂದೇ ವಾಕ್ಯ ಸಾಕಿತ್ತು. ಅಪ್ಪನ ವಿಷಯದಲ್ಲಿ ಒಂದಕ್ಷರ ಬಿಡದವಳು ನಾನು. ಇಡ್ಲಿ ಮುರಿದೆ, ಚಟ್ನಿಯಲ್ಲಿ ಅದ್ದಿದೆ, ಬಾಯಿಗೆ ಹಾಕಿಕೊಂಡೆ. ಮೂರಕ್ಕಿಂತ ಹೆಚ್ಚು ಹೆಸರಿಗೆ ಜಾಗವಿಲ್ಲ, ಯಾವುದು ಹೋಗುತ್ತದೆ ಎಂಬುದೂ ಗೊತ್ತಿತ್ತು. ಅಗಿದು ನುಂಗಿದೆ.

ಸಂಜೆ ಮನೆಗೆ ಬಂದಾಗ ಅಪ್ಪ ಜಗಲಿಯಲ್ಲಿ ಕೂತಿದ್ದ. ಲಾಟಿಗೆ ಕಡಿಮೆ ರೇಟು ಬಿದ್ದಿತ್ತು, ಒಪ್ಪಿಕೊಂಡು ಬಂದಿದ್ದ. ಆ ಮಾತೆತ್ತಲಿಲ್ಲ.

"ಯಾಕವ್ವ ನಿಮ್ಮಪ್ಪ ಅಂತ ತೋರ್ಸುದ್ದು?"

"ನೀನ್ಯಾಕಪ್ಪ ಹಂಗ್ ಜೋಡ್ಸುದ್ದು?"

ನನಗೆ ಅವನ ಉತ್ತರ ಗೊತ್ತಿತ್ತು, ಅವನಿಗೆ ನನ್ನದು ಗೊತ್ತಿರಲಿಲ್ಲ.

"ಡೆಲ್ಲಿದು ಏನಾಯ್ತು?"

"ಆಯ್ತು."

"ಆ ಮೇಷ್ಟ್ರೇ ಕೊಡುಸುದ್ರಾ?"

"ಊಂ."

"ಒಳ್ಳೇರು ಹಂಗಾದ್ರೆ," ಎಂದು ಎದ್ದು ಸೊಪ್ಪು ತರಲು ಹೋದ.

ಮಾರ್ಗದರ್ಶಕರ ಮೇಲೆ ನನಗಿರುವ ದ್ವೇಷದಲ್ಲಿ ಅರ್ಧಭಾಗ ಆ ಎರಡು ಪದಗಳಿಂದ ಬಂದದ್ದು. ನನ್ನಪ್ಪನ ಬಾಯಿಂದ ಅವರು ಒಳ್ಳೆಯವರಾಗಿ ಬಂದರು, ನಾನು ತಿದ್ದಲಾಗದೆ ನಿಂತೆ.

ಅಂತಿಮ ಪಟ್ಟಿ ಬಂದಾಗ ಮೂರನೆಯ ಹೆಸರು ನನ್ನದಾಗಿತ್ತು. ಕನಕಪುರದವಳಿಗೆ, ದೆಹಲಿಯವರೇ ಬದಲಾಯಿಸಿದರು, ನಾವೇನು ಮಾಡೋಣ ಎಂದು ಹೇಳಲಾಗಿತ್ತು. "ಇರ್ಲಿ ಬುಡೆ, ನಿಂಗಾದ್ರೂ ಆಯ್ತಲ್ಲ," ಎಂದಳು. ನಾನು ಅವಳ ಕೈ ಹಿಡಿದುಕೊಂಡೆ. ಬಾಯಿ ತೆರೆಯಲಿಲ್ಲ. ದೆಹಲಿಯಲ್ಲಿ ಆರು ತಿಂಗಳು ದುಡಿದೆ, ಚೆನ್ನಾಗಿಯೇ ದುಡಿದೆ, ಅದೇ ಸಂಸ್ಥೆಯಲ್ಲಿ ಉಳಿದೆ. ಅವಳು ಕನಕಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದಳು.

ಈ ವರ್ಷ ವಿಭಾಗ ಒಂದು ಕೈಪಿಡಿ ತಂದಿದೆ. ಅದರಲ್ಲಿ ನನ್ನ ಫೋಟೋ, ಗೂಡಿನ ರಾಶಿಯ ಪಕ್ಕ. ಕೆಳಗೆ, ಮಾರ್ಗದರ್ಶನ ಕೋಶವು ಈಕೆಯ ಗ್ರಾಮೀಣ ಅನುಭವವನ್ನು ಗುರುತಿಸಿ, ಬೆಳೆಸಿ, ದೆಹಲಿಗೆ ಕಳುಹಿಸಿತು ಎಂದಿದೆ. ಜೊತೆಗೊಂದು ಆಹ್ವಾನ: ಬಂದು ಕಿರಿಯರಿಗೆ ಮಾರ್ಗದರ್ಶನ ಮಾಡಬೇಕು.

ಒಪ್ಪಿಕೊಂಡೆ. ಹೋಗುವ ಮೊದಲು ಕನಕಪುರದವಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಮೇಜಿನ ಮೇಲಿನ ಪಟ್ಟಿ, ಬಿಡದಿಯ ಇಡ್ಲಿ, ಎಲ್ಲ.

"ಗೊತ್ತಿತ್ತು ಕಣೆ," ಎಂದಳು. "ಸರ್ರೇ ನನ್ ಹೆಸ್ರು ಹೊಡ್ದು ನಿಂದು ಹಾಕುದ್ರು ಅಂತ ಗುಮಾಸ್ತೆ ಆವತ್ತೇ ಹೇಳಿದ್ರು. ನೀನ್ ಯಾವಾಗ್ ಹೇಳ್ತೀಯ ಅಂತ ನೋಡ್ತಿದ್ದೆ. ಬಲೇ ಜೋರಾಗ್ ಮಾತಾಡ್ತಿದ್ದೋಳು ನೀನು."

"ಅಲ್ಲಿಗ್ ಬಾ. ಎಲ್ಲಾರ ಮುಂದೆ ಹೇಳ್ತೀನಿ."

"ಬತ್ತೀನಿ. ನಿನ್ನ ಕ್ಷಮಿಸಕ್ಕಲ್ಲ. ಅವ್ರ ಮುಖ ನೋಡಕ್ಕೆ."

ಮೊನ್ನೆ ಆ ಸಭೆ ನಡೆಯಿತು. ಮಾರ್ಗದರ್ಶಕರು ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಕನಕಪುರದವಳು ಕೊನೆಯ ಸಾಲಿನಲ್ಲಿ, ಬ್ಯಾಗು ತೊಡೆಯ ಮೇಲಿಟ್ಟುಕೊಂಡು. ನಾನು ಕಿರಿಯರಿಗೆ ಸಲಹೆಗಳನ್ನು ಕೊಟ್ಟೆ, ಉಪಯೋಗಕ್ಕೆ ಬರುವಂಥವನ್ನೇ. ನಿಮ್ಮ ಊರಿನಲ್ಲಿ ಯಾವ ವಸ್ತುವಿನ ಬೆಲೆ ಹೊರದೇಶದಿಂದ ಅಲುಗಾಡುತ್ತದೆ ನೋಡಿ, ಅದರ ಬಗ್ಗೆ ಬರೆಯಿರಿ. ಚನ್ನಪಟ್ಟಣದ ಬೊಂಬೆ ಮಾಡುವವರ ಬಳಿ ಹೋಗಿ ಕೂತರೆ ರಫ್ತಿನ ನಿಯಮ ಪುಸ್ತಕಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಶಿಫಾರಸು ಪತ್ರ ಕೇಳುವಾಗ ಆಯ್ಕೆಯ ಮಾನದಂಡ ಏನೆಂದು ಬರವಣಿಗೆಯಲ್ಲಿ ಕೇಳಿ. ಮಾರ್ಗದರ್ಶಕರು ತಲೆಯಾಡಿಸುತ್ತಿದ್ದರು.

ಆಮೇಲೆ ಹೇಳಿದೆ. "ಕೈಪಿಡಿಯಲ್ಲಿ ನನ್ನನ್ನು ಈ ಕೋಶ ಗುರುತಿಸಿತು ಎಂದಿದೆ. ಅದು ಸುಳ್ಳು. ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಮೂರನೆಯ ಹೆಸರು ಕೊನೆಯ ಸಾಲಿನಲ್ಲಿ ಕೂತಿರುವವರದು. ಅತಿಥಿಯೆದುರು ಮುಖ ಉಳಿಸಿಕೊಳ್ಳಲು ಸರ್ ಅದನ್ನು ಹೊಡೆದುಹಾಕಿ ನನ್ನದನ್ನು ಬರೆದರು. ನನಗೆ ಗೊತ್ತಿತ್ತು. ಸುಮ್ಮನಿದ್ದೆ."

ಸಭೆಯೆಲ್ಲ ಹಿಂದಕ್ಕೆ ತಿರುಗಿತು. ಮಾರ್ಗದರ್ಶಕರು ಕಾಲು ಇಳಿಸಿದರು. ಚಪ್ಪಾಳೆ ತಟ್ಟುತ್ತ ಎದ್ದು, "ನೋಡಿ, ನಮ್ಮ ಡಿಬೇಟರ್! ಡ್ರಾಮಾ ಬಿಟ್ಟಿಲ್ಲ," ಎಂದರು. ಬೇರೆ ಯಾರೂ ತಟ್ಟಲಿಲ್ಲ. ಮಾಗಡಿ ಕಡೆಯ ಹುಡುಗಿಯೊಬ್ಬಳು ಕೈ ಎತ್ತಿದಳು. "ಸರ್, ಈ ವರ್ಷದ್ ಪಟ್ಟಿ ಮಾಡ್ಬುಟ್ಟಿದ್ದೀರಾ?"

"ಇನ್ನೂ ಇಲ್ಲ," ಎಂದರು.

ಹುಡುಗಿ ಕೂರಲಿಲ್ಲ. "ಆಫೀಸ್‌ಗೆ ಹೋಗಿ ನೋಡ್ಬೋದಾ ಸರ್, ಈಗ್ಲೇ?" ಇನ್ನೂ ನಾಲ್ಕೈದು ಜನ ಅವಳ ಜೊತೆ ಎದ್ದರು. ಅವರು ಬಾಗಿಲು ದಾಟುವುದನ್ನು ಮಾರ್ಗದರ್ಶಕರು ನೋಡುತ್ತ ನಿಂತರು. ಬಾಯಿ ತೆರೆದು ಮುಚ್ಚಿದರು. ಕಡೆಗೂ ಮುಚ್ಚಿದ್ದನ್ನು ನಾನು ನೋಡಿದೆ, ಕಣ್ಣು ತುಂಬ ನೋಡಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಬಹಳ ಚೆನ್ನಾಗಿತ್ತು.

ಮೆಟ್ಟಿಲ ಹತ್ತಿರ ಕನಕಪುರದವಳು ಬ್ಯಾಗಿನ ಜಿಪ್ ಎಳೆಯುತ್ತ ನಿಂತಿದ್ದಳು. ನಾನು ಹತ್ತಿರ ಹೋದೆ. ಏನಾದರೂ ಒಳ್ಳೆಯ ಮಾತು ಬರಬಹುದೆಂದು ಕಾದೆ. ಅವಳು ಬಸ್ಸಿನ ಹೊತ್ತು ನೋಡಿಕೊಂಡಳು.

"ಅವ್ರುದ್ದಾಯ್ತು," ಎಂದಳು. "ಇನ್ನ ನಿಂದು." ಹೇಳಿ ಇಳಿದು ಹೋದಳು.